ತೇವದಿಂದ ದೂರವಿಡಿ

ಸೆಪ್ಟೆಂಬರ್ 4, ಗುರುವಾರ

ಬೆಳಗ್ಗೆ ಅಕ್ಕನ ಮಗ ಗುಮ್ಮನ ಡೈಪರ್ ಬಿಚ್ಚುವಾಗ ಕಂಡದ್ದು: ಎರಡು ತೊಡೆಗಳ ಬುಡದಲ್ಲೂ ಇಲಾಸ್ಟಿಕ್ ಕೂರುವ ಜಾಗದಲ್ಲಿ ಒಂದೊಂದು ಕೆಂಪು ಗೆರೆ, ಯಾರೋ ಬಣ್ಣದ ಪೆನ್ಸಿಲಿನಲ್ಲಿ ಅಡಿಗೆರೆ ಎಳೆದ ಹಾಗೆ. ಗೆರೆಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಬೆರಳು ತಾಕಿಸಿದರೆ ಕಾಲು ಹಿಂದಕ್ಕೆ ಎಳೆದುಕೊಂಡ. ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಮಲಗಿದ್ದ.

ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡಬಹುದಿತ್ತು. ಇವನು ಬರೀ ನೋಡುತ್ತಾನೆ. ಎರಡು ವರ್ಷ ತುಂಬುತ್ತ ಬಂದರೂ ಬಾಯಿಂದ ಒಂದು ಮಾತು ಬಂದಿಲ್ಲ. ಅಮ್ಮ ಅಂದಿಲ್ಲ, ಬೇಕು ಅಂದಿಲ್ಲ, ಬೇಡ ಅಂದಿಲ್ಲ. ಅದಕ್ಕೇ, ಗುಮ್ಮನಗುಸಕ ಎಂದು, ಭಾವ ಇಟ್ಟ ಹೆಸರು ಗುಮ್ಮ. ಅಕ್ಕನ ಹೆರಿಗೆ ರಜೆ ಮುಗಿದಂದಿನಿಂದ ಮಗುವನ್ನು ನೋಡಿಕೊಳ್ಳಲು ನಾನು ಈ ಮನೆಯಲ್ಲಿದ್ದೇನೆ. ಭಾವ ಆ ಹೆಸರನ್ನು ಇಬ್ಬರಿಗೂ ಹಂಚಿದ್ದಾರೆ. ನಾನು ದೊಡ್ಡ ಗುಮ್ಮ, ಅವನು ಚಿಕ್ಕ ಗುಮ್ಮ.

ಅಕ್ಕ ಅರ್ಧ ದಿನ ರಜೆ ಹಾಕಿ ನಮ್ಮಿಬ್ಬರನ್ನೂ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಪ್ರಯೋಗಾಲಯದಲ್ಲಿ ರಕ್ತ ತೆಗೆಯುವ ಕೆಲಸ ಅವಳದು. ಯಾರ ಮೈ ಕಂಡರೂ ಮೊದಲು ಚರ್ಮ ನೋಡುತ್ತಾಳೆ. ತನ್ನ ಮಗನ ಚರ್ಮದಲ್ಲೇ ಹೀಗಾಯಿತಲ್ಲ ಎಂದು ದಾರಿಯುದ್ದಕ್ಕೂ ಪೇಚಾಡಿಕೊಂಡಳು. ಡಾಕ್ಟರು ಮುಲಾಮು ಬರೆದುಕೊಟ್ಟು, "ಈ ಡೈಪರ್ ಸ್ವಲ್ಪ ಕಾಲ ಬಿಟ್ಟುಬಿಡಿ. ಹತ್ತಿ ಬಟ್ಟೆ ಕಟ್ಟಿ, ಗಾಳಿ ಆಡಲಿ" ಎಂದರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು: "ಏನೇನು ಮಾತಾಡ್ತಾನೆ?"

ಅಕ್ಕ ಮಗನನ್ನು ಮಡಿಲಿಗೆ ಎಳೆದುಕೊಂಡು, "ಇನ್ನೂ ಏನೂ ಇಲ್ಲ" ಎಂದಳು. ಡಾಕ್ಟರು ಬೀಗದ ಕೈಗೊಂಚಲನ್ನು ಅವನ ಬೆನ್ನ ಹಿಂದೆ ಅಲ್ಲಾಡಿಸಿದರು. ಗುಮ್ಮ ತಕ್ಷಣ ತಿರುಗಿದ.

"ಕಿವಿ ಚೆನ್ನಾಗೇ ಇದ್ದ ಹಾಗಿದೆ. ಹಗಲೆಲ್ಲ ಯಾರ ಜೊತೆ ಇರ್ತಾನೆ?"

"ನನ್ನ ತಂಗಿ ಜೊತೆ."

"ನೀವು ಅವನ ಹತ್ರ ಮಾತಾಡ್ತಾ ಇರ್ತೀರೇನಮ್ಮ?"

ತಲೆಯಾಡಿಸಿದೆ. ಅದು ಹೌದೋ ಅಲ್ಲವೋ ನನಗೇ ಗೊತ್ತಾಗಲಿಲ್ಲ.

"ಮುಂದಿನ ತಿಂಗಳು ಬನ್ನಿ. ಆಗಲೂ ಒಂದು ಮಾತೂ ಬಂದಿಲ್ಲ ಅಂದ್ರೆ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸೋಣ. ಈಗಲೇ ಹೆದರಬೇಡಿ."

ಅಕ್ಕ ಹೆದರಿದ್ದಾಳೆ. ನಾನು ಅವಳಿಗಿಂತ ಹೆಚ್ಚು ಹೆದರಿದ್ದೇನೆ. ನನ್ನ ಹೆದರಿಕೆಯೇ ಬೇರೆ, ಅದನ್ನು ಯಾರಿಗೂ ಹೇಳುವ ಹಾಗಿಲ್ಲ. ಇಡೀ ದಿನ ನನ್ನ ಜೊತೆ ಇದ್ದು, ನನ್ನ ಮೌನವನ್ನೇ ಇವನು ಕಲಿತನೇ?

ಸೆಪ್ಟೆಂಬರ್ 5, ಶುಕ್ರವಾರ

ನನಗೆ ಹೇಳಲಾಗದ್ದನ್ನು ಇನ್ನೊಬ್ಬರು ಹೇಳಿಬಿಟ್ಟರು.

ಭಾವನ ಅಕ್ಕ, ಅಂದರೆ ಗುಮ್ಮನ ಸೋದರತ್ತೆ, ಸಂಜೆ ಬಂದಿದ್ದರು. ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವರು. ಗಾಜಿನಾಚೆಗೆ ಕೇಳುವ ಹಾಗೆ ಮಾತಾಡಿ ಅಭ್ಯಾಸವಾಗಿ, ಮನೆಯಲ್ಲೂ ಹಾಗೇ. ನಾನು ಅಡುಗೆಮನೆಯಲ್ಲಿದ್ದೆ. ಅವರ ಪ್ರಕಾರ ಅದು ಪಿಸುಮಾತು.

"ನೋಡಮ್ಮ, ನಿನ್ನ ತಂಗಿ ಒಳ್ಳೆ ಹುಡುಗಿ, ಇಲ್ಲ ಅನ್ನಲ್ಲ. ಆದ್ರೆ ಬಾಯಿಗೆ ಬೀಗ ಹಾಕ್ಕೊಂಡೇ ಹುಟ್ಟಿದಾಳೆ. ಮಗು ಯಾರನ್ನ ನೋಡಿ ಮಾತು ಕಲೀಬೇಕು? ಗೋಡೆಯನ್ನಾ? ನಮ್ಮ ಸ್ಟೇಷನ್ ಹತ್ರ ಶಿಶುವಿಹಾರ ಇದೆ. ಮಕ್ಕಳ ಗಲಾಟೆ ಅಂದ್ರೆ ಗಲಾಟೆ. ಅಲ್ಲಿ ಹಾಕು."

"ಅವಳು ಅವನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಾಳೆ ಅತ್ತಿಗೆ," ಎಂದಳು ಅಕ್ಕ.

"ಕಣ್ಣು ಸಾಕಾಗಿದೆ ಕಣೆ. ಬಾಯಿ ಬೇಕು ಈಗ."

"ಡಾಕ್ಟರು ಮುಂದಿನ ತಿಂಗಳು ಬನ್ನಿ ಅಂದಿದಾರೆ. ಅಲ್ಲೀವರೆಗೆ ನೋಡೋಣ."

ಅಕ್ಕ ನನ್ನನ್ನು ಬಿಟ್ಟುಕೊಡಲಿಲ್ಲ. ಅಷ್ಟು ಹೇಳಲು ಅವಳಿಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು, ಏಕೆಂದರೆ ಆ ಮಾತು ಅವಳ ಮನಸ್ಸಿಗೂ ಬಂದಿರಲೇಬೇಕು. ಸಾಹಿತ್ಯದಲ್ಲಿ ಪದವಿ ಪಡೆದವಳು ನಾನು. ಜೂನ್ ತಿಂಗಳಲ್ಲಿ ಟೀಚರ್ ಕೆಲಸ ಕೇಳಿಕೊಂಡು ಎರಡು ಬೀದಿ ಆಚೆಯ ಶಾಲೆಗೆ ಮಾದರಿ ಪಾಠ ಮಾಡಲು ಹೋಗಿ, ಸೀಮೆಸುಣ್ಣ ಹಿಡಿದು, ಮಕ್ಕಳ ಮುಂದೆ ತುಟಿ ತೆರೆಯಲಾಗದೆ ನಿಂತು ಬಂದೆ. ಮುಖ್ಯೋಪಾಧ್ಯಾಯಿನಿ ಬೈಯಲಿಲ್ಲ. "ಧೈರ್ಯ ಬಂದ ದಿನ ಬಾಮ್ಮ" ಎಂದರು. ಅಂದಿನಿಂದ ತರಕಾರಿ ತರಲು ಆ ಬೀದಿ ಬಿಟ್ಟು ಸುತ್ತುಬಳಸಿ ಹೋಗುತ್ತೇನೆ.

ಅವರು ಹೋದ ಮೇಲೆ ಭಾವ ಎದ್ದರು. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವರು, ನಸುಕಿನಲ್ಲೇ ಹೋಗಿ ಬಂದು ಹಗಲು ನಿದ್ದೆ ಮಾಡುತ್ತಾರೆ. ಎಷ್ಟು ತೊಳೆದರೂ ಕಿವಿಯ ಮಡಿಕೆಯಲ್ಲಿ ಹಿಟ್ಟು ಉಳಿದಿರುತ್ತದೆ. "ಹತ್ತಿ ಬಟ್ಟೆ ತಾನೆ ಬೇಕಾಗಿರೋದು? ನಮ್ಮಲ್ಲಿ ಹಿಟ್ಟಿನ ಚೀಲ ರಾಶಿ ಬಿದ್ದಿದೆ. ಗುಮ್ಮನಿಗೆ ರಾಜನ ಹಾಗೆ ಉಡಿಸೋಣ" ಎಂದರು.

ಸೆಪ್ಟೆಂಬರ್ 7, ಭಾನುವಾರ

ಚೀಲಗಳು ಬಂದವು. ಇಷ್ಟು ಮೆತ್ತನೆಯ ಬಟ್ಟೆ ಎಂದು ನಾನು ಎಣಿಸಿರಲಿಲ್ಲ. ಒಂದರ ಮೇಲೂ ಅಚ್ಚು ಮಾಸಿಲ್ಲ. ಮೇಲೆ ಎದೆಯುಬ್ಬಿಸಿ ನಿಂತ ನೀಲಿ ಹುಂಜ. ಕೆಳಗೆ ದಪ್ಪ ಅಕ್ಷರಗಳಲ್ಲಿ "ಮೊದಲ ದರ್ಜೆ". ಅದರ ಕೆಳಗೆ "ತೇವದಿಂದ ದೂರವಿಡಿ". ಕೊನೆಯಲ್ಲಿ, ಚೀಲ ಎತ್ತುವ ಹಮಾಲರಿಗೆಂದು, "ಕೊಕ್ಕೆ ಹಾಕಬೇಡಿ".

"ತೇವದಿಂದ ದೂರವಿಡಿ ಅಂತೆ!" ಅಕ್ಕ ನಕ್ಕು ನಕ್ಕು ಕತ್ತರಿ ಕೆಳಗೆ ಹಾಕಿದಳು. "ಇದನ್ನ ಕಟ್ಟೋದೇ ತೇವ ಹೀರಲಿ ಅಂತ."

ತುಂಬ ದಿನಗಳ ಮೇಲೆ ಅವಳು ಹಾಗೆ ನಕ್ಕದ್ದು. ಅವಳು ಕತ್ತರಿಸಿದಳು, ನಾನು ಅಂಚು ಮಡಿಚಿ ಹೊಲಿದೆ. ಗುಮ್ಮ ಬೀಳುವ ಚೂರುಗಳನ್ನೆಲ್ಲ ಹೆಕ್ಕಿ ತನ್ನ ತಲೆಯ ಮೇಲೆ ಇಟ್ಟುಕೊಂಡ.

ಸೆಪ್ಟೆಂಬರ್ 8, ಸೋಮವಾರ

ಬೇಕರಿಯವರ ಮನೆಯಲ್ಲಿ ಮಾತ್ರ ಆಗಬಹುದಾದ ಅನಾಹುತ ಆಯಿತು, ಅದೂ ನನ್ನ ಕೈಯಿಂದ.

ಹೊಸ ಬಟ್ಟೆ, ಕುದಿಯುವ ನೀರಿನಲ್ಲಿ ಹಾಕಿದರೆ ಶುದ್ಧವಾಗುತ್ತದೆ ಎಂದು ಎಲ್ಲವನ್ನೂ ದೊಡ್ಡ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟೆ. ಭಾವ ಒಳಗೆ ಮಲಗಿದ್ದರು. ಅವರನ್ನು ಎಬ್ಬಿಸಿ ಕೇಳಬಹುದಿತ್ತು. ಕೇಳಲು ಸಂಕೋಚ. ಸ್ವಲ್ಪ ಹೊತ್ತಿಗೆ ಪಾತ್ರೆಯಲ್ಲಿ ನೀರು ದಪ್ಪವಾಗತೊಡಗಿತು. ಗುಳುಗುಳು ಎಂದು ಗುಳ್ಳೆ ಎದ್ದು ಒಡೆಯುತ್ತಿತ್ತು. ಬಟ್ಟೆಯ ನೂಲುಗಳ ನಡುವೆ ಸೇರಿಕೊಂಡಿದ್ದ ಹಿಟ್ಟೆಲ್ಲ ಬೆಂದು ಅಂಟಾಗಿತ್ತು. ಗಾಬರಿಯಲ್ಲಿ ಹಾಗೇ ಹಿಂಡಿ ಬಚ್ಚಲಲ್ಲಿ ಒಣಹಾಕಿದೆ.

ಸಂಜೆಗೆ ಅವು ರಟ್ಟಾಗಿದ್ದವು. ಒಂದನ್ನು ನೆಲದ ಮೇಲಿಟ್ಟರೆ ತಾನಾಗಿ ನಿಂತಿತು.

ಭಾವ ಅದನ್ನು ಎತ್ತಿ ಬೆರಳಿನಿಂದ ತಟ್ಟಿದರು. ಟಕಟಕ ಎಂದಿತು. "ಹಿಟ್ಟಿಗೆ ಬಿಸಿನೀರು ಹಾಕಿದ್ರೆ ಏನಾಗುತ್ತೆ ಅಂತ ಬೇಕರಿಯವನ ನಾದಿನಿಗೆ ಗೊತ್ತಿಲ್ವಾ? ಇದು ಲಂಗೋಟಿ ಅಲ್ಲ ಕಣಮ್ಮ, ಹೆಲ್ಮೆಟ್ಟು!" ಎಂದು ಗುಮ್ಮನ ತಲೆಗೆ ಇಟ್ಟರು. ಅದು ಇಟ್ಟ ಹಾಗೇ ಕೂತಿತು. ನನಗೆ ಅಳು ಬರುವುದರಲ್ಲಿತ್ತು. ಆದರೆ ಅವನ ಮುಖ ನೋಡಿ ನಗು ಬಂದುಬಿಟ್ಟಿತು.

"ತಣ್ಣೀರಲ್ಲಿ ನೆನೆಸಿ ಉಜ್ಜಿದ್ರೆ ಬಿಡುತ್ತೆ, ಬಾ," ಎಂದು ಭಾವ ತೋಳು ಮಡಿಚಿದರು. ಇಬ್ಬರೂ ಬಚ್ಚಲಲ್ಲಿ ಕೂತು ಉಜ್ಜಿದೆವು. ಮಲಗಿದ್ದವರನ್ನು ಎಬ್ಬಿಸಿದ್ದರೆ ಇಷ್ಟು ಕೆಲಸ ತಪ್ಪುತ್ತಿತ್ತು ಎಂದು ಅವರು ಒಮ್ಮೆಯೂ ಅನ್ನಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಹೋದಲ್ಲೆಲ್ಲ ಒದ್ದೆ. ಚಾಪೆ, ಸೋಫಾದ ಮೂಲೆ, ಭಾವನ ಚಪ್ಪಲಿ.

ಒಂದನ್ನು ಮಾತ್ರ ಬರೆದಿಡಬೇಕು. ಮೊದಲ ಸಲ ಬಟ್ಟೆ ಒದ್ದೆಯಾದಾಗ ಗುಮ್ಮ ಆಡುತ್ತಿದ್ದವನು ಹಾಗೇ ನಿಂತುಬಿಟ್ಟ. ಕಾಲಿನ ಮೇಲೆ ಇಳಿಯುತ್ತಿದ್ದುದನ್ನು ಬಗ್ಗಿ ನೋಡಿದ. ಮುಟ್ಟಿದ. ಆಮೇಲೆ ನನ್ನನ್ನು ನೋಡಿದ. ಇಷ್ಟು ದಿನ ಆ ಎಸೆಯುವ ಡೈಪರ್ ಎಲ್ಲವನ್ನೂ ಕುಡಿದು ಸುಮ್ಮನಿರುತ್ತಿತ್ತು. ತನ್ನೊಳಗಿಂದ ಏನಾದರೂ ಹೊರಗೆ ಬರುತ್ತದೆ ಎಂಬುದೇ ಇವನಿಗೆ ಗೊತ್ತಿರಲಿಲ್ಲ. ಅವನಿಗೆ ಯಾವ ದೂರೂ ಇರಲಿಲ್ಲ. ದೂರಿಲ್ಲದ ಮೇಲೆ ಯಾರಿಗೆ ಏನು ಹೇಳಬೇಕು?

ಸೆಪ್ಟೆಂಬರ್ 13, ಶನಿವಾರ

ಬಟ್ಟೆಗಳಿಗೆ ಈಗ ಹೆಸರು ಬಂದಿದೆ. ಹುಂಜ, ಮೊದಲ ದರ್ಜೆ, ತೇವ, ಕೊಕ್ಕೆ. "ಈಗ ಯಾವುದರಲ್ಲಿದಾನೆ?" ಎಂದು ಅಕ್ಕ ಕೆಲಸದಿಂದ ಫೋನು ಮಾಡಿ ಕೇಳುತ್ತಾಳೆ. "ಕೊಕ್ಕೆ" ಎನ್ನುತ್ತೇನೆ.

ಬಟ್ಟೆ ಬದಲಿಸುವಾಗ ಗುಮ್ಮ ಒದ್ದಾಡುತ್ತಾನೆ. ಗಂಟು ಹಾಕುವಷ್ಟರಲ್ಲಿ ಉರುಳಿ ಓಡುತ್ತಾನೆ. ಇವತ್ತು ಏನೂ ತೋಚದೆ, ಕೈಯಲ್ಲಿದ್ದ ಬಟ್ಟೆಯ ಮೇಲಿನ ಅಕ್ಷರವನ್ನು ಬೆರಳಿಟ್ಟು ಓದಿದೆ. "ತೇವ. ದಿಂದ. ದೂರ. ವಿಡಿ." ಅವನು ಮಿಸುಕದೆ ಮಲಗಿ ನನ್ನ ಬಾಯಿಯನ್ನೇ ನೋಡಿದ. ಮತ್ತೆ ಓದಿದೆ. ಈ ಸಲ ಹುಂಜ ಹೇಳಿದ ಹಾಗೆ, ಕುತ್ತಿಗೆ ಉದ್ದ ಮಾಡಿ: "ತೇಏಏವದಿಂದ ದೂಊಊರವಿಡಿ!" ಅವನು ಕಾಲು ಬಡಿದು ನಕ್ಕ. ಆಮೇಲೆ ರೈಲಿನ ಪ್ರಕಟಣೆಯ ಹಾಗೆ. ಆಮೇಲೆ ಡಾಕ್ಟರರ ಹಾಗೆ.

ಬಾಗಿಲು ಹಾಕಿದೆಯೇ ಎಂದು ನಡುವೆ ಎರಡು ಸಲ ಎದ್ದು ನೋಡಿ ಬಂದೆ.

ಸೆಪ್ಟೆಂಬರ್ 17, ಬುಧವಾರ

ಬಚ್ಚಲಲ್ಲಿ ಒಣಗಿದ ಬಟ್ಟೆಗೆ ಮುಗ್ಗಲು ವಾಸನೆ. ಗುಳ್ಳೆ ಆರುತ್ತ ಬಂದದ್ದು ಮತ್ತೆ ಕೆಂಪಾಗುತ್ತಿದೆ. ಬಿಸಿಲು ಬೇಕು. ಬಿಸಿಲಿರುವುದು ತಾರಸಿಯಲ್ಲಿ. ಅಲ್ಲಿರುವ ಹಗ್ಗವೆಲ್ಲ ನಮ್ಮ ಮಹಡಿಯಲ್ಲೇ ಇರುವ ಎದುರುಮನೆಯ ಪಿಟೀಲು ಮೇಷ್ಟ್ರದು. ಹುಬ್ಬು ಗಂಟಿಕ್ಕಿಕೊಂಡೇ ಮೆಟ್ಟಿಲು ಇಳಿಯುವವರು. ಒಂದು ದಿನವೂ ನಾನು ಮುಖವೆತ್ತಿ ಅವರನ್ನು ನೋಡಿದ್ದಿಲ್ಲ.

ಅವರ ಬಾಗಿಲ ಮುಂದೆ ಗುಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ನಿಂತೆ. ಒಳಗೆ ಯಾರೋ ಶಿಷ್ಯರು ಒಂದೇ ಸ್ವರವನ್ನು ಮತ್ತೆ ಮತ್ತೆ ತಪ್ಪು ನುಡಿಸುತ್ತಿದ್ದರು. ವಾಪಸು ಹೋಗೋಣ ಎಂದು ತಿರುಗುವಷ್ಟರಲ್ಲಿ ಗುಮ್ಮ ಕೈ ಚಾಚಿ ಬಾಗಿಲು ಬಡಿದುಬಿಟ್ಟ.

"ಏನಮ್ಮ?"

"ಹಗ್ಗ... ತಾರಸೀಲಿ... ಮಗು ಬಟ್ಟೆ ಒಣಗ್ತಿಲ್ಲ. ಸ್ವಲ್ಪ ಜಾಗ ಕೊಡ್ತೀರಾ ಅಂತ ಕೇಳೋಣ ಅಂತ."

"ಅಯ್ಯೋ, ಹಗ್ಗ ಏನು ನಮ್ಮಪ್ಪಂದಾ? ಧಾರಾಳವಾಗಿ ಹಾಕು. ನನಗಿರೋದು ನಾಲ್ಕು ಅಂಗಿ. ಇಷ್ಟು ದಿನ ಕೇಳ್ಬಾರ್ದಿತ್ತಾ?"

ತಾರಸಿಗೆ ಜೊತೆಯಲ್ಲೇ ಬಂದು ತಮ್ಮ ಅಂಗಿಗಳನ್ನು ಪಕ್ಕಕ್ಕೆ ಸರಿಸಿದರು. ಕ್ಲಿಪ್ಪು ಕೊಟ್ಟರು. ಸಾಲಾಗಿ ಹಾರಾಡುತ್ತಿದ್ದ ಬಟ್ಟೆಗಳನ್ನು ಕನ್ನಡಕ ಏರಿಸಿ ಓದಿ, "ಮೊದಲ ದರ್ಜೆ! ನನ್ನ ಶಿಷ್ಯರಲ್ಲಿ ಒಬ್ಬರಿಗೂ ಬರಲಿಲ್ಲ ನೋಡು, ನಿಮ್ಮ ಹುಡುಗನ ಕುಂಡೆಗೆ ಬಂತು" ಎಂದರು.

ಸೆಪ್ಟೆಂಬರ್ 20, ಶನಿವಾರ

ಕೆಂಪು ಗೆರೆ ಹೋಯಿತು. ಅದಿದ್ದ ಜಾಗ ಈಗ ನುಣ್ಣಗಿದೆ. ಬಿಸಿಲಿಗೆ, ಹಗ್ಗಕ್ಕೆ, ತಣ್ಣೀರಿಗೆ, ಭಾವನ ತೋಳಿಗೆ ನಮಸ್ಕಾರ.

ಇವತ್ತು ತರಕಾರಿಗೆ ಹೋಗುವಾಗ ಹತ್ತಿರದ ದಾರಿಯಲ್ಲೇ, ಶಾಲೆಯ ಮುಂದೆಯೇ, ಹೋದೆವು. ಗುಮ್ಮನ ಬಟ್ಟೆ ಒದ್ದೆಯಾಗುವುದರೊಳಗೆ ಮನೆ ಸೇರಬೇಕಲ್ಲ, ಸುತ್ತುಬಳಸಲು ಪುರಸೊತ್ತಿಲ್ಲ.

ಸೆಪ್ಟೆಂಬರ್ 24, ಬುಧವಾರ

ಅಕ್ಕ ಇವತ್ತು ಬೇಗ ಬಂದಳು. ಬಂದವಳು ಬಾಗಿಲ ಹೊರಗೇ ನಿಂತಿದ್ದಳಂತೆ. ನಾನು ಗುಮ್ಮನಿಗೆ ಹುಂಜ ಮತ್ತು ಕೊಕ್ಕೆಯ ಜಗಳದ ಕಥೆ ಹೇಳುತ್ತಿದ್ದೆ. ಬಾಗಿಲು ತೆಗೆದರೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಾಳೆ.

"ಯಾರು ಬಂದಿದಾರೆ?"

"ಯಾರೂ ಇಲ್ವಲ್ಲ."

"ಮತ್ತೆ ಯಾರೋ ಹೆಂಗಸು ಜೋರಾಗಿ ಮಾತಾಡ್ತಿದ್ಲಲ್ಲ? ಅತ್ತಿಗೆ ಇರ್ಬೇಕು ಅಂದ್ಕೊಂಡು ಉಸಿರು ಬಿಗಿ ಹಿಡ್ಕೊಂಡು ನಿಂತಿದೀನಿ."

ಆಮೇಲೆ ನನ್ನನ್ನು ವಿಚಿತ್ರವಾಗಿ ನೋಡಿದಳು. ಅವಳಿಗೆ ದಣಿವಾಗಿರಬೇಕು.

ಸೆಪ್ಟೆಂಬರ್ 26, ಶುಕ್ರವಾರ

ಬರೆಯಲು ಏನೂ ಉಳಿದಿಲ್ಲ. ಎಲ್ಲವನ್ನೂ ಊಟದ ಹೊತ್ತಿಗೆ ಅಕ್ಕನಿಗೆ ಹೇಳಿಬಿಟ್ಟೆ.

ಸೆಪ್ಟೆಂಬರ್ 30, ಮಂಗಳವಾರ

ಮೋಡ. ಶನಿವಾರದಿಂದ ಬಿಸಿಲಿಲ್ಲ. ಹಗ್ಗದ ಮೇಲಿದ್ದುದು ಹಸಿ, ಬುಟ್ಟಿಯಲ್ಲಿದ್ದುದು ಅದಕ್ಕಿಂತ ಹಸಿ. ನಿನ್ನೆ ಅಕ್ಕ ಸಾಕಾಗಿ, "ಒಂದೆರಡು ದಿನ ಹಳೇದನ್ನೇ ಹಾಕೋಣ ಪುಟ್ಟಿ, ನಿನ್ನ ಕೈ ನೋಡು, ತೊಳೆದು ತೊಳೆದು ಹೇಗಾಗಿದೆ" ಎಂದು ಅಂಗಡಿಯಿಂದ ಡೈಪರ್ ತಂದಳು. ಅವಳು ನನ್ನ ಕೈ ನೋಡಿದಳಲ್ಲ. ಬೇಡ ಎನ್ನಲಾಗಲಿಲ್ಲ.

ಗುಮ್ಮ ಇಡೀ ದಿನ ಕೂತಲ್ಲೇ ಕೂತಿದ್ದ. ಆಗಾಗ ಡೈಪರನ್ನು ಮೇಲಿನಿಂದ ತಟ್ಟಿ, ಉತ್ತರಕ್ಕೆ ಕಾದವನ ಹಾಗೆ ನನ್ನನ್ನು ನೋಡುತ್ತಿದ್ದ. ಓದಲು ಅದರ ಮೇಲೆ ಏನೂ ಇಲ್ಲ. ಕರಡಿಯ ಚಿತ್ರ ಒಂದಿದೆ. ಅದಕ್ಕೂ ಬಾಯಿಲ್ಲ.

ಮುಂದಿನ ವಾರ ಡಾಕ್ಟರ ಹತ್ತಿರ ಹೋಗಬೇಕು. ಅಕ್ಕ ಕ್ಯಾಲೆಂಡರಿನ ಕಡೆ ನೋಡುವುದನ್ನೇ ಬಿಟ್ಟಿದ್ದಾಳೆ.

ಅಕ್ಟೋಬರ್ 1, ಬುಧವಾರ

ಬೇಡ ಎಂದೆ. ಬೆಳಗ್ಗೆ ಅಕ್ಕ ಡೈಪರ್ ತೆಗೆದಾಗ ಹೇಳಿಯೇಬಿಟ್ಟೆ. "ಬೇಡ ಅಕ್ಕ. ಬಟ್ಟೇನೇ ಕಟ್ತೀನಿ. ಭಾವ, ಬೇಕರಿಯಲ್ಲಿ ಒಲೆ ಮೇಲೆ ಒಣಗಿಸಿಕೊಂಡು ಬರೋಕಾಗುತ್ತಾ?"

ಭಾವ ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ದೊಡ್ಡ ಗುಮ್ಮ ಅಪ್ಪಣೆ ಕೊಡಿಸಿದ್ರು, ಆಗಲ್ಲ ಅನ್ನೋಕಾಗುತ್ತಾ?" ಎಂದರು. ನಿದ್ದೆ ಬಿಟ್ಟು ಅವರು ಮತ್ತೆ ಬೇಕರಿಗೆ ಒಯ್ದ ಬುಟ್ಟಿ ಮಧ್ಯಾಹ್ನಕ್ಕೆ ಬಂತು. ಬಟ್ಟೆಗಳೆಲ್ಲ ಬೆಚ್ಚಗಿದ್ದವು, ಬನ್ನಿನ ವಾಸನೆ. ಗುಮ್ಮ ಒಂದನ್ನು ಕಚ್ಚಿ ನೋಡಿದ.

ಅಕ್ಟೋಬರ್ 3, ಶುಕ್ರವಾರ

ನಿಧಾನವಾಗಿ ಬರೆಯುತ್ತೇನೆ.

ನಾನು ಪಾತ್ರೆ ತೊಳೆಯುತ್ತಿದ್ದೆ. ಹಿಂದಿನಿಂದ ಯಾರೋ ಸೆರಗು ಎಳೆದರು. ತಿರುಗಿದರೆ ಗುಮ್ಮ. ಮಡಿಚಿಟ್ಟ ರಾಶಿಯಿಂದ ಒಂದು ಬಟ್ಟೆ ಎಳೆದು ತಂದು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಿದ್ದಾನೆ. ಕಾಲ ಬಳಿ ನೀರು.

"ತೇವ" ಎಂದ.

ಸ್ಪಷ್ಟವಾಗಿ. ನನ್ನದೇ ಧಾಟಿಯಲ್ಲಿ, "ತೇ"ಯನ್ನು ಸ್ವಲ್ಪ ಎಳೆದು. ನಾನು ಸೋಪಿನ ಕೈಯಲ್ಲೇ ಅಲ್ಲೇ ಕೂತುಬಿಟ್ಟೆ. ನಾನು ಎದ್ದೇಳದ್ದನ್ನು ಕಂಡು ಅವನಿಗೆ ಸಿಟ್ಟು ಬಂತು. ಬಟ್ಟೆಯನ್ನು ನನ್ನ ಮುಖಕ್ಕೆ ಒತ್ತಿ ಮತ್ತೆ ಹೇಳಿದ. "ತೇವ!"

ಹೌದು ಕಂದ, ತೇವ. ಹೌದು.

ಅಕ್ಟೋಬರ್ 4, ಶನಿವಾರ

ಅಕ್ಕನ ಮುಂದೆ ಗುಮ್ಮ ಆ ಮಾತು ಹೇಳಲಿಲ್ಲ. ಭಾವನ ಮುಂದೆಯೂ ಇಲ್ಲ. ಅಕ್ಕ ಕೆಲಸದ ಉಡುಪಿನಲ್ಲೇ ಅವನೆದುರು ನೆಲದ ಮೇಲೆ ಕೂತು, "ಏನು ಹೇಳಿದೆ ಚಿನ್ನ? ಅಮ್ಮನ ಹತ್ರಾನೂ ಹೇಳು" ಎಂದು ಬೇಡಿಕೊಂಡಳು. ಅವನು ಅವಳ ಮೂಗನ್ನು ಹಿಡಿದು ನೋಡಿದ, ಅಷ್ಟೇ.

"ನಿನಗೆ ಹಾಗೆ ಕೇಳಿಸಿರಬಹುದು ಪುಟ್ಟಿ," ಎಂದಳು ಅಕ್ಕ, ತೀರಾ ಮೆತ್ತಗೆ.

"ಇಲ್ಲ ಅಕ್ಕ. ಹೇಳಿದ. ಎರಡು ಸಲ."

ಭಾವ ಸುಮ್ಮನೆ ತಲೆ ಕೆರೆದುಕೊಂಡರು. ಹಿಟ್ಟು ಉದುರಿತು.

ಅಕ್ಟೋಬರ್ 5, ಭಾನುವಾರ

ಸೋದರತ್ತೆ ಬಂದಿದ್ದರು. ಶಿಶುವಿಹಾರದವರ ಹತ್ತಿರ ಮಾತಾಡಿಯೇ ಬಂದಿದ್ದರು. ಬಂದವರೇ ಗುಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡರು.

"ಜಾಗ ಹಿಡಿದಿಟ್ಟಿದೀನಿ. ನಾಳೆಯಿಂದಲೇ ಬಿಡಿ. ಅವನು ಮಾತಾಡಿದ ಅಂತೆಲ್ಲ ಇವಳು ಹೇಳಿದ್ಲಂತೆ. ಪಾಪ, ಆಸೆ ಇರುತ್ತೆ, ತಪ್ಪೇನಿಲ್ಲ..."

"ಆಸೆ ಅಲ್ಲ ಅತ್ತಿಗೆ," ಎಂದೆ. "ಅವನು ಹೇಳಿದ್ದು ನಿಜ. ಬಟ್ಟೆ ಒದ್ದೆ ಆದಾಗ ಹೇಳ್ತಾನೆ. ನಾನು ದಿನಾ ಅದನ್ನ ಓದಿ ಹೇಳ್ತಿದ್ದೆ, ಅದಕ್ಕೇ ಆ ಮಾತು ಬಂದಿದೆ. ಕಾದು ನೋಡಿ ನೀವೇ."

ಆ ಹೊತ್ತಿಗೆ ಗುಮ್ಮ ಆಟ ನಿಲ್ಲಿಸಿ, ಕತ್ತೆತ್ತಿ, ಅವರ ಮುಖವನ್ನು ಗಂಭೀರವಾಗಿ ನೋಡಿದ.

"ತೇವ" ಎಂದ.

"ಏನಂದ? ಏನಂದ ಇವನು?" ಎಂದು ಕೇಳುತ್ತಿದ್ದ ಸೋದರತ್ತೆ ಮಾತು ನಿಲ್ಲಿಸಿ, ನಿಧಾನವಾಗಿ ತಮ್ಮ ತೊಡೆಯ ಕಡೆ ನೋಡಿಕೊಂಡರು. "ಅಯ್ಯೋ ನನ್ನ ಮಡಿಲೇ! ಬೆಚ್ಚಗಾಯ್ತಲ್ಲೋ!"

ಭಾವ ಗೋಡೆಗೆ ಒರಗಿಕೊಂಡು ನಕ್ಕರು. "ನಿನಗೆ ಟಿಕೆಟ್ ಕೊಟ್ಟ ಕಣಕ್ಕ, ಮೊದಲ ದರ್ಜೆದು!"

"ನೀನು ಸುಮ್ನಿರೋ. ತೇವ ಅಂದ, ಕೇಳಿಸ್ತಾ ನಿಮಗೆಲ್ಲ? ಸುಸು ಅನ್ನಲಿಲ್ಲ, ತೇವ ಅಂದ! ಪಂಡಿತ ಕಣೋ ಇವನು, ಚಿಕ್ಕಮ್ಮನ ಶಿಷ್ಯ." ಒದ್ದೆಯಾದ ತೊಡೆಯಿಂದ ಅವನನ್ನು ಇಳಿಸದೆ ಹಾಗೇ ಅಪ್ಪಿಕೊಂಡಿದ್ದರು. "ನನ್ನ ಹತ್ರಾನೇ ಹೇಳಿದ."

ನಾನು ಅಕ್ಕನನ್ನು ನೋಡಿದೆ. ಅವಳು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಬಂದು, ಎಲ್ಲರ ಮುಂದೆ ನನ್ನ ಒರಟಾದ ಎರಡು ಕೈಗಳನ್ನೂ ತನ್ನ ಕೆನ್ನೆಗೆ ಒತ್ತಿಕೊಂಡಳು. ಏನೂ ಹೇಳಲಿಲ್ಲ. ಅಂಥ ಮೌನ ನನಗೆ ಚೆನ್ನಾಗಿ ಗೊತ್ತು. ಅದರಲ್ಲಿ ಎಲ್ಲ ಇರುತ್ತದೆ.

ಹೊರಡುವಾಗ ಸೋದರತ್ತೆ ಬಾಗಿಲಲ್ಲಿ ನಿಂತು ನನ್ನ ತೋಳು ಹಿಡಿದರು. "ಇವನು ನಿನ್ನ ಹತ್ರಾನೇ ಇರಲಿ ಬಿಡೆ. ನನಗೆ ಈಗ ಮಧ್ಯಾಹ್ನದ ಪಾಳಿ. ಬೆಳಗ್ಗೆ ಹೊತ್ತು ನಿನಗೇನಾದ್ರೂ ಕೆಲಸ ಇದ್ರೆ ಹೇಳು, ನಾನು ಬರ್ತೀನಿ." ಇದೂ ಪಿಸುಮಾತೇ. ಎದುರುಮನೆಯಲ್ಲಿ ಪಿಟೀಲು ಒಂದು ಕ್ಷಣ ನಿಂತಿತು.

ಅಕ್ಟೋಬರ್ 8, ಬುಧವಾರ

ಡಾಕ್ಟರ ಹತ್ತಿರ ಹೋಗಿ ಬಂದೆವು. ಬೀಗದ ಕೈಗೊಂಚಲು ಹೊರಗೆ ತೆಗೆಯುವ ಅಗತ್ಯ ಬೀಳಲಿಲ್ಲ. ಗುಮ್ಮ ಅವರ ಮೇಜಿನ ಮೇಲಿನ ನೀರಿನ ಲೋಟ ತೋರಿಸಿ "ತೇವ" ಎಂದ, ಅಕ್ಕನನ್ನು ತೋರಿಸಿ "ಮ್ಮ" ಎಂದ. "ಶುರುವಾಯ್ತಲ್ಲ. ಇನ್ನು ಇವನನ್ನ ಸುಮ್ನಿರಿಸೋದು ಹೇಗೆ ಅಂತ ಕೇಳ್ಕೊಂಡು ಬರ್ತೀರಿ" ಎಂದು ಡಾಕ್ಟರು ನಕ್ಕರು.

ಅಕ್ಟೋಬರ್ 9, ಗುರುವಾರ

ಬಿಸಿಲು ಬಂದಿದೆ. ಬೆಳಗ್ಗೆ ತಾರಸಿಯಲ್ಲಿ ಬಟ್ಟೆ ಹಾಕುತ್ತಿದ್ದೆ. ಗುಮ್ಮ ಕ್ಲಿಪ್ಪುಗಳನ್ನು ಒಂದೊಂದಾಗಿ ಕೊಡುತ್ತಿದ್ದ. ಗಾಳಿಗೆ "ಮೊದಲ ದರ್ಜೆ" ಉಬ್ಬಿ ಇಳಿಯಿತು. ನಾನು ಮಾದರಿ ಪಾಠಕ್ಕೆ ಹೋಗಿದ್ದ ಆ ಶಾಲೆಯ ಗಂಟೆ ಅಲ್ಲಿಗೂ ಕೇಳಿಸುತ್ತದೆ. ಇಷ್ಟು ದಿನ ಆ ಸದ್ದಿಗೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೆಳಗೆ ಇಳಿದುಬಿಡುತ್ತಿದ್ದೆ. ಇವತ್ತು ಅದು ಬಾರಿಸಿ ಮುಗಿದ ಮೇಲೆ ನೆನಪಾಯಿತು.

ಭಾವ ಬಂದಾಗ ಕೇಳಿದೆ. "ಭಾವ, ನಾಳೆ ಇನ್ನೊಂದು ಚೀಲ ತರ್ತೀರಾ?"

"ಇನ್ನೂ ಬೇಕಾ? ಇರೋದೇ ಬುಟ್ಟಿ ತುಂಬಿದೆ."

"ಗುಮ್ಮನಿಗಲ್ಲ, ನನಗೆ. ಕತ್ತರಿಸಲ್ಲ, ಇಡೀ ಬೇಕು. ಅಕ್ಷರ ಎಲ್ಲ ಚೆನ್ನಾಗಿ ಕಾಣೋ ಹಾಗಿರಬೇಕು, ಕೊನೇ ಬೆಂಚಿಗೂ."

ಅವರು ಹುಬ್ಬೇರಿಸಿದರು, ಕೇಳಲಿಲ್ಲ. ಅಕ್ಕನಿಗೆ ಇನ್ನೂ ಹೇಳಿಲ್ಲ. ಸೋದರತ್ತೆಗೆ ಮಾತ್ರ ಫೋನು ಮಾಡಿ, ಸೋಮವಾರ ಬೆಳಗ್ಗೆ ಸ್ವಲ್ಪ ಹೊತ್ತು ಬರುತ್ತೀರಾ ಎಂದು ಕೇಳಿದೆ. "ಯಾಕೆ?" ಎಂದು ಅವರೂ ಕೇಳಲಿಲ್ಲ. ಈ ಮನೆಯವರೆಲ್ಲ ಎಷ್ಟು ಒಳ್ಳೆಯವರು.

ಚೀಲವನ್ನು ತಣ್ಣೀರಿನಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ, ಮಡಿಚಿಟ್ಟುಕೊಳ್ಳುತ್ತೇನೆ. ಸೋಮವಾರ ಅದನ್ನು ಕರಿಹಲಗೆಯ ಮೇಲೆ ತೂಗುಹಾಕಿ, ಮೊದಲು ಹುಂಜದ ದನಿಯಲ್ಲಿ ಓದುತ್ತೇನೆ.